ಚಳ್ಳಕೆರೆಯಲ್ಲಿ ಹಾರಿದ್ದು ಬಾಂಬರ್ ವಿಮಾನವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಬಾಲವೇ ಇಲ್ಲದ, ಬಾವಲಿಯಂಥ ವಿಮಾನದ ಚಿತ್ರ. ಕೆಳಗೆ ‘ಚಳ್ಳಕೆರೆಯಲ್ಲಿ ಭಾರತದ ಬಾಂಬರ್’ ಎಂಬ ಸಾಲು. ನಿಮ್ಮ ಚಳ್ಳಕೆರೆ ಅಥವಾ ಮೊಳಕಾಲ್ಮೂರಿನ ವಾಟ್ಸ್ಆ್ಯಪ್ ಗುಂಪಿಗೆ ಇಂಥ ಸಂದೇಶ ಬಂದರೆ ನಂಬಬಹುದೇ? ಅದರಲ್ಲಿರುವುದು ಅರ್ಧ ಸತ್ಯ ಮಾತ್ರ.

ಹಾರಿದ್ದು ಏನು?

ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2022ರ ಜುಲೈ 1ರಂದು ಅಲ್ಲಿಂದ ಒಂದು ‘ಫ್ಲೈಯಿಂಗ್ ವಿಂಗ್’ ಮೊದಲ ಬಾರಿ ಹಾರಿತು. ಅಂದರೆ ಇಡೀ ಮೈಯೇ ರೆಕ್ಕೆಯಾಗಿರುವ ವಿಮಾನ. ಅದನ್ನು ರೂಪಿಸಿದ್ದು ಬೆಂಗಳೂರಿನ ಎಡಿಇ ಪ್ರಯೋಗಾಲಯ. ಪೈಲಟ್ ಇಲ್ಲದೆ ತಾನೇ ಮೇಲೇರಿ, ದಾರಿ ಹಿಡಿದು, ತಾನೇ ಇಳಿಯಿತು. ಮುಂದೆ ಕಟ್ಟಲಿರುವ ಮಾನವರಹಿತ ವಿಮಾನಗಳ ತಂತ್ರಜ್ಞಾನವನ್ನು ಪರೀಕ್ಷಿಸುವ ಸಣ್ಣ ವಿಮಾನ ಇದು. ಬಾಂಬ್ ಹಾಕುವುದು ಇದರ ಕೆಲಸವಲ್ಲ.

ಮೊದಲು ಸಣ್ಣದು ಏಕೆ?

ಬಾಲವಿಲ್ಲದ ವಿಮಾನವನ್ನು ಆಕಾಶದಲ್ಲಿ ನೆಟ್ಟಗೆ ನಿಲ್ಲಿಸುವುದು ಕಷ್ಟ. ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಆಡಿಸುತ್ತಿರಬೇಕು. ತಪ್ಪಾಗುವುದಿದ್ದರೆ ಸಣ್ಣ ವಿಮಾನದಲ್ಲೇ ಆಗಲಿ ಎಂಬುದು ಲೆಕ್ಕ.

ಈ ದಾರಿ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನಾರ್ತ್ರಾಪ್ ಕಂಪನಿ ಎಕ್ಸ್‌ಬಿ-35 ಎಂಬ ಬಾಂಬರ್ ಕಟ್ಟುವ ಮೊದಲು, ಅದರ ಸುಮಾರು ಮೂರನೇ ಒಂದರಷ್ಟು ಗಾತ್ರದ ಎನ್-9ಎಂ ಮಾದರಿಯನ್ನು 1942ರ ಡಿಸೆಂಬರ್‌ನಲ್ಲಿ ಹಾರಿಸಿತು. ಬಾಂಬರ್‌ನ ರೆಕ್ಕೆ 172 ಅಡಿ, ಮಾದರಿಯದು 60 ಅಡಿ. ಅದರಲ್ಲಿ ಪೈಲಟ್ ಕೂರಬೇಕಿತ್ತು. 1943ರ ಮೇನಲ್ಲಿ ಮೊದಲ ಮಾದರಿ ಬಿದ್ದು ಪೈಲಟ್ ಸತ್ತರು. ಚಳ್ಳಕೆರೆಯ ವಿಮಾನದಲ್ಲಿ ಆ ಅಪಾಯವಿಲ್ಲ.

ಮಾದರಿ ಹಾರಿದರೆ ದೊಡ್ಡದೂ ಹಾರುತ್ತದೆಯೇ?

ಹಾಗೆ ಹೇಳಲಾಗದು. ಎರಡರಷ್ಟು ಅಗಲದ ಮುದ್ದೆ ಕಟ್ಟಲು ಎಂಟರಷ್ಟು ಹಿಟ್ಟು ಬೇಕು, ಆದರೆ ಅದರ ಮೇಲ್ಮೈ ನಾಲ್ಕರಷ್ಟೇ ಆಗುತ್ತದೆ. ವಿಮಾನವನ್ನು ಹಾಗೇ ಹಿಗ್ಗಿಸಿದರೂ ಅಷ್ಟೇ: ರೆಕ್ಕೆಗಿಂತ ತೂಕ ಬೇಗ ಏರುತ್ತದೆ. ಆದ್ದರಿಂದ ಮಾದರಿಯ ಫಲಿತಾಂಶವನ್ನು ಲೆಕ್ಕ ಹಾಕಿ ಹೊಂದಿಸಬೇಕು. ಸಣ್ಣದು ಹಾರಿತೆಂದು ಬಾಂಬರ್ ಸಿದ್ಧವಾಗಿದೆ ಎನ್ನುವಂತಿಲ್ಲ.

ಚಿತ್ರ ಪರಿಶೀಲಿಸುವುದು ಹೇಗೆ?

ಮುಂಭಾಗದಲ್ಲಿ ಪೈಲಟ್‌ಗಳ ಗಾಜಿನ ಕಿಟಕಿ ಕಂಡರೆ ಅದು ಚಳ್ಳಕೆರೆಯದಲ್ಲ, ಅಮೆರಿಕದ ಬಿ-2 ಇರಬಹುದು.

ಇನ್ನೊಂದು ಮಾತು. 2019ರ ಸೆಪ್ಟೆಂಬರ್‌ನಲ್ಲಿ ಇದೇ ಕೇಂದ್ರದ ಬೇರೊಂದು ಡ್ರೋನ್ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತ್ತು. ಪರೀಕ್ಷೆ ಎಂದಮೇಲೆ ಹೀಗೂ ಆಗುತ್ತದೆ. ನಿಮ್ಮ ಹೊಲದಲ್ಲಿ ಬಿದ್ದರೆ ಸೆಲ್ಫಿಗೆಂದು ಹತ್ತಿರ ಹೋಗಬೇಡಿ, ಚೂರುಗಳನ್ನು ಮುಟ್ಟಬೇಡಿ. ಇಂಧನ, ಬ್ಯಾಟರಿಯಿಂದ ಬೆಂಕಿ ಹತ್ತಬಹುದು. ಮಕ್ಕಳನ್ನು ದೂರ ಕಳಿಸಿ, 112ಕ್ಕೆ ಕರೆ ಮಾಡಿ. ಗುಂಪಿನಲ್ಲಿ ಹಂಚುವುದಾದರೆ ನಾವು ಹೇಳುವುದು ಈ ಮಾತನ್ನೇ ಮೊದಲು ಹಂಚಿ ಎಂದು.