ಆದೋನಿ ಸೀಮೆಯಲ್ಲಿ ಒಂದು ದಿನದ ಹೊರಸಂಚಾರ: ಒಂದು ಬೆಟ್ಟ, ಒಂದು ಹೊಳೆ



ದೀಪಾವಳಿ ಮುಗಿಯುತ್ತಿದ್ದಂತೆ ಬಳ್ಳಾರಿ, ಸಿರುಗುಪ್ಪ, ರಾಯಚೂರು, ಗುಂತಕಲ್ಲು, ಎಮ್ಮಿಗನೂರು ಎಲ್ಲ ಕಡೆಯಿಂದಲೂ ಸಂಘಕ್ಕೆ ಒಂದೇ ಪ್ರಶ್ನೆ ಬರುತ್ತದೆ: "ಈ ಸಲದ ಸಂಚಾರ ಎಲ್ಲಿಗ್ರಿ, ಏನೇನು ತೋರಸ್ತೀರಿ?" ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಎಲ್ಲರಿಗೂ ಒಂದೇ ಕಡೆ ಸಿಗಲೆಂದು ಈ ಮಾಹಿತಿ ಬರೆದಿದ್ದೇವೆ. ನಮ್ಮ ಸಂಘದ ಜೊತೆ ಬರುವವರಿಗೂ, ಸ್ವಂತವಾಗಿ ಮನೆಮಂದಿಯನ್ನು ಕರೆದುಕೊಂಡು ಹೋಗುವವರಿಗೂ ಇದು ಅನ್ವಯಿಸುತ್ತದೆ.

ಮೊದಲೇ ಹೇಳಿಬಿಡುತ್ತೇವೆ. ಒಂದೇ ದಿನದಲ್ಲಿ ಆದೋನಿ ಕೋಟೆ, ಉರುಕುಂದಿ ಈರಣ್ಣ, ಮಂತ್ರಾಲಯ, ಎರ್ರಗುಡಿ ಶಾಸನ, ದೇವರಗಟ್ಟು ಎಲ್ಲ ಮುಗಿಸೋಣ ಎನ್ನುವವರು ಕಾರ್ಯಕಾರಿ ಸಮಿತಿಯಲ್ಲೇ ಇದ್ದಾರೆ. ಹಾಗೆ ಹೋದರೆ ಐದು ಕಡೆ ಚಪ್ಪಲಿ ಬಿಟ್ಟು ಹಾಕಿಕೊಂಡು ಬಂದಂತೆ ಆಗುತ್ತದೆಯೇ ಹೊರತು ಯಾವುದನ್ನೂ ನೋಡಿದಂತೆ ಆಗುವುದಿಲ್ಲ. ಬೆಳಿಗ್ಗೆ ಒಂದು ಬೆಟ್ಟ, ಸಂಜೆ ಒಂದು ಹೊಳೆ, ನಡುವೆ ನೆರಳು. ಇದು ಹಲವು ವರ್ಷ ತಪ್ಪು ಮಾಡಿದ ಮೇಲೆ ನಾವು ಕಂಡುಕೊಂಡ ಲೆಕ್ಕ.

ಬೆಟ್ಟ

ಆದೋನಿಯ ಕೋಟೆ ಒಂದು ಗುಡ್ಡದ ಮೇಲೆ ಇರುವುದಲ್ಲ. ಐದು ಗುಡ್ಡಗಳನ್ನು ಗೋಡೆಗಳಿಂದ ಹೆಣೆದು ಕಟ್ಟಿದ್ದು. ಅವುಗಳಲ್ಲಿ ಎತ್ತರವಾದವು ಬಾರಾಕಿಲ್ಲಾ ಮತ್ತು ತಾಲಿಬಂಡ. ಸುತ್ತಲಿನ ಬಯಲಿಗಿಂತ ಸುಮಾರು 800 ಅಡಿ ಮೇಲಕ್ಕೆ ನಿಂತಿವೆ. ಕೇಳಲಿಕ್ಕೆ 800 ಅಡಿ ದೊಡ್ಡದಲ್ಲ. ಆದರೆ ದಾರಿಯುದ್ದಕ್ಕೂ ಬರಿ ಬಂಡೆ, ಕಲ್ಲುಗುಂಡು, ಮುಳ್ಳುಗಂಟಿ. ಮರವೆಂಬುದು ಅಪರೂಪ. ಬಾರಾಕಿಲ್ಲಾಕ್ಕೆ ಹತ್ತುವಾಗ ಅರ್ಧ ದಾರಿಯಲ್ಲಿ ಒಂದು ಕೆರೆ ಸಿಗುತ್ತದೆ. ಅದು ಎಂದೂ ಬತ್ತುವುದಿಲ್ಲವೆಂದು ಹಿಂದಿನ ಕಾಲದ ಗೆಜೆಟಿಯರ್‌ನಲ್ಲೂ ಬರೆದಿದ್ದಾರೆ. ಇಷ್ಟು ಒಣ ಸೀಮೆಯಲ್ಲಿ ಇಲ್ಲೇ ಯಾಕೆ ಕೋಟೆ ಕಟ್ಟಿದರು ಎಂದು ಮಕ್ಕಳು ಕೇಳಿದರೆ ಆ ನೀರನ್ನು ತೋರಿಸಿ. ಆದರೆ ಅದನ್ನು ಕುಡಿಯಲು ಬಿಡಬೇಡಿ.

ವಿಜಯನಗರದ ಕಾಲದಲ್ಲಿ ಇದು ಗಟ್ಟಿಯಾದ ಕೋಟೆ. 1565ರ ಯುದ್ಧದ ನಂತರ ಬಿಜಾಪುರದವರ ಕೈಗೆ ಹೋಯಿತು. ಆಗ ಇಲ್ಲಿ ಅಧಿಕಾರದಲ್ಲಿದ್ದ ಮಲಿಕ್ ರಹಮಾನ್ ಖಾನ್ ಅಬಿಸೀನಿಯಾ ಮೂಲದವನು. 39 ವರ್ಷ ಆಳಿದನೆಂದು ದಾಖಲೆ ಇದೆ. ಅವನ ಗೋರಿ ತಾಲಿಬಂಡದ ಮೇಲಿದೆ. ಅವನ ನಂತರದ ದೊಡ್ಡ ಹೆಸರು ಸಿದ್ದಿ ಮಸೂದ್ ಖಾನ್. ಊರಿನಲ್ಲಿರುವ ಜುಮ್ಮಾ ಮಸೀದಿ ಕಟ್ಟಿಸಿದವನು ಅವನೇ. ಕಲ್ಲಿನ ಕೆಲಸ ನೋಡಲಿಕ್ಕೆ ಆ ಮಸೀದಿಯ ಅಂಗಳದಲ್ಲಿ ಹದಿನೈದು ನಿಮಿಷ ನಿಂತರೂ ಸಾರ್ಥಕ. ನಮಾಜಿನ ವೇಳೆ ಬಿಟ್ಟು ಹೋಗಬೇಕು, ಕೇಳಿ ಒಳಗೆ ಕಾಲಿಡಬೇಕು. ಆಮೇಲೆ ಔರಂಗಜೇಬನ ಸೈನ್ಯ ಬಂತು, ನಿಜಾಮರ ಕಡೆಯವರು ಬಂದರು. 1786ರಲ್ಲಿ ಟಿಪ್ಪು ಕೋಟೆ ಹಿಡಿದು ಗೋಡೆಗಳನ್ನು ಕೆಡವಿಸಿದ. 1800ರಲ್ಲಿ ಸೀಮೆ ಕಂಪನಿ ಸರ್ಕಾರಕ್ಕೆ ಸೇರಿತು. ಈಗ ನೀವು ಹತ್ತುವಾಗ ಕಾಲಿಗೆ ಎಡತಾಕುವ ಕಲ್ಲುಗಳಲ್ಲಿ ಎಷ್ಟೋ ಆ ಕೋಟೆಯವೇ.

ಇನ್ನೊಂದು ಸಂಗತಿ ಚಿಕ್ಕವರಿಗೆ ಗೊತ್ತಿರುವುದಿಲ್ಲ. ನಮ್ಮ ತಂದೆಯವರ ಕಾಲಕ್ಕೆ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಹೋಳಾಯಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದ ತಾಲ್ಲೂಕುಗಳು ಮೈಸೂರಿಗೆ ಸೇರಿದವು. ಬೆಟ್ಟದ ತುದಿಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಎರೆಹೊಲ, ಹತ್ತಿ, ಜೋಳ ಒಂದೇ ಸಮನೆ ಹರಡಿಕೊಂಡಿರುತ್ತದೆ. ಗಡಿ ಎಲ್ಲಿದೆ ಎಂದು ಯಾರೂ ಬೆರಳು ಮಾಡಿ ತೋರಿಸಲಾರರು. ನಮ್ಮ ಸದಸ್ಯರಲ್ಲಿ ಒಂದೇ ಮನೆತನದ ಅಣ್ಣ ಆ ಕಡೆ, ತಮ್ಮ ಈ ಕಡೆ ಇರುವವರು ಕಡಿಮೆಯೇನಲ್ಲ.

ಪೂರ್ತಿ ಕೋಟೆ ಹತ್ತಲಾರದವರು ರಣಮಂಡಲ ವೀರಾಂಜನೇಯ ಸ್ವಾಮಿಯ ಗುಡ್ಡಕ್ಕೆ ಹೋಗಬಹುದು. ಮೆಟ್ಟಿಲುಗಳಿವೆ, ಜನರ ಓಡಾಟ ಇರುತ್ತದೆ. ಮೊಣಕಾಲು ನೋವಿನವರು ಅಲ್ಲೂ ನಿಧಾನಿಸಿ.

ಆ ದಿನ ಏನಾಯಿತು

ಕೆಲವು ವರ್ಷಗಳ ಹಿಂದೆ ಮಾರ್ಚ್ ಮೊದಲ ವಾರದಲ್ಲಿ ಸಂಚಾರ ಇಟ್ಟುಕೊಂಡೆವು. ಪರೀಕ್ಷೆ, ಮದುವೆ ಎಂದು ಮುಂದೂಡುತ್ತ ಚಳಿಗಾಲ ಕೈತಪ್ಪಿತ್ತು. ಒಂದು ಊರಿನ ಗಾಡಿ ತಡವಾಯಿತು, ಅವರು ಬಂದ ಮೇಲೆ ಎಲ್ಲರೂ ಕೂಡಿ ನಾಷ್ಟಾ ಮಾಡೋಣ ಎಂದೆವು. ಬೆಟ್ಟ ಹತ್ತಲು ಶುರುಮಾಡಿದ್ದು 9 ಗಂಟೆ ದಾಟಿದ ಮೇಲೆ. ಹೋಗುವಾಗ ಎಣಿಸಿದ್ದು 42 ಜನ. ಇಳಿದು ಕೆಳಗೆ ಎಣಿಸಿದರೆ 41. ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕ ಬರೆದವರು ನಾವು, ಒಂದು ಅಂಕಿ ತಾಳೆಯಾಗದಿದ್ದರೆ ಆಗುವ ಸಂಕಟ ಗೊತ್ತು. ಆದರೆ ಅವತ್ತಿನ ಸಂಕಟವೇ ಬೇರೆ.

ತಪ್ಪಿದ್ದವರು ನಮ್ಮ ಹಿರಿಯ ಸದಸ್ಯರೊಬ್ಬರು. ಮಾತು ಕಡಿಮೆ, ಯಾರಿಗೂ ತೊಂದರೆ ಕೊಡದ ಸ್ವಭಾವ. ಕಣ್ಣು ಕತ್ತಲೆ ಬಂದಿದ್ದಕ್ಕೆ ಒಂದು ಬಂಡೆಯ ಸಂದಿಯಲ್ಲಿ ಕುಳಿತಿದ್ದರು. ಮುಂದಿನವರು ಅವರು ಹಿಂದೆ ಬರುತ್ತಿದ್ದಾರೆ ಎಂದುಕೊಂಡರು, ಹಿಂದಿನವರು ಮುಂದೆ ಹೋದರು ಎಂದುಕೊಂಡರು. ಮುಕ್ಕಾಲು ಗಂಟೆ ಹುಡುಕಿದ ಮೇಲೆ ಸಿಕ್ಕರು. ಬಾಯಿ ಒಣಗಿ ಮಾತು ತೊದಲುತ್ತಿತ್ತು. ಹುಡುಗರು ಒದ್ದೆ ಟವೆಲ್ ಹಾಕಿ, ಗಾಳಿ ಬೀಸಿ, ಎಚ್ಚರ ಸರಿಯಾದ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಸಿ, ಹೆಗಲ ಮೇಲೆ ಇಳಿಸಿಕೊಂಡು ಬಂದರು. ಎರಡು ದಿನ ಆಸ್ಪತ್ರೆಯಲ್ಲಿದ್ದು ಗುಣವಾದರು. "ಏನಿಲ್ರೀ, ನಿಮ್ಮ ಕಾರ್ಯಕ್ರಮ ಕೆಡಬಾರ್ದು ಅಂತ ಸುಮ್ಮನ ಕುಂತೆ" ಎಂದು ನಮಗೇ ಸಮಾಧಾನ ಹೇಳಿದರು. ತಪ್ಪು ಅವರದಲ್ಲ, ಗಾಡಿಯದೂ ಅಲ್ಲ. ಹೊತ್ತು ಮೀರಿದ ಮೇಲೂ ಬೆಟ್ಟ ಹತ್ತಿಸಿದ್ದು ನಾವು.

ಅಂದಿನಿಂದ ಈ ಕ್ರಮ ಇಟ್ಟುಕೊಂಡಿದ್ದೇವೆ, ಸ್ವಂತವಾಗಿ ಹೋಗುವವರೂ ದಯವಿಟ್ಟು ಪಾಲಿಸಿ. ಬೆಟ್ಟ ಹತ್ತುವುದು ನವೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ. ಬೆಳಕು ಹರಿಯುತ್ತಿದ್ದಂತೆ ಹೊರಡಬೇಕು, 9 ಗಂಟೆಗೆ ಎಲ್ಲಿದ್ದರೂ ಅಲ್ಲಿಂದಲೇ ತಿರುಗಬೇಕು, ತುದಿ ಇನ್ನೂ ನೂರು ಹೆಜ್ಜೆ ಇದ್ದರೂ ಸರಿ. 10.30ಕ್ಕೆ ಎಲ್ಲರೂ ಕೆಳಗಿರಬೇಕು. ಬಂಡೆ ಬಿಸಿಲನ್ನು ಹೀರಿಕೊಂಡು ತಿರುಗಿ ನಿಮ್ಮ ಮೇಲೇ ಬಿಡುತ್ತದೆ. ಮೇಲಿನ ಬಿಸಿಲಿಗೆ ಟೋಪಿ ಇದೆ, ಕೆಳಗಿನದಕ್ಕೆ ಇಲ್ಲ. ತಲೆಗೆ ಎರಡು ಲೀಟರ್ ನೀರು ಅವರವರೇ ಹೊರಬೇಕು. ಇಬ್ಬಿಬ್ಬರು ಜೋಡಿ, ಜೋಡಿಯವರು ಕಣ್ಣಿಗೆ ಕಾಣದಿದ್ದರೆ ನಿಂತುಬಿಡಬೇಕು. ಹಾಜರಿ ಪಟ್ಟಿ ಎರಡು: ಒಂದು ಮುಂದಿನವರ ಕೈಯಲ್ಲಿ, ಒಂದು ಕಟ್ಟಕಡೆಯವರ ಕೈಯಲ್ಲಿ. ಕಡೆಯವರನ್ನು ದಾಟಿ ಯಾರೂ ಹಿಂದೆ ಉಳಿಯುವಂತಿಲ್ಲ.

ಸುಸ್ತಾದವರಿಗೆ ಕೊಡಲು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾದ ಚಮಚ, ತಲೆ ತಟ್ಟಿದ್ದು. ಮಾತು ತಪ್ಪುತ್ತಿದ್ದರೆ ಅಥವಾ ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಮೈ ತಂಪು ಮಾಡುತ್ತ 108ಕ್ಕೆ ಫೋನ್ ಮಾಡಿ. ಹಳೇ ಗೋಡೆ, ಬಂಡೆ ಸಂದಿಗಳಲ್ಲಿ ಹೆಜ್ಜೇನು ಇರಬಹುದು. ಅಲ್ಲಿ ಬೀಡಿ, ಅಗರಬತ್ತಿ, ಕೂಗಾಟ ಬೇಡ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಭಾಗ ಅಲುಗಾಡಿಸದೆ ನೇರ ಆಸ್ಪತ್ರೆಗೆ.

ನಡುಹಗಲು

ಬೆಟ್ಟ ಇಳಿದ ಮೇಲೆ ನಾಷ್ಟಾ. ಆದೋನಿಯ ಉಗ್ಗಾಣಿ–ಬಜ್ಜಿ ತಿನ್ನದೆ ಹೋಗಬೇಡಿ. ಬಳ್ಳಾರಿಯವರು "ಇದು ನಮ್ಮ ಮಂಡಕ್ಕಿ ಒಗ್ಗರಣಿ" ಎನ್ನುತ್ತಾರೆ, ರಾಯಚೂರು ಕಡೆಯವರು "ಸುಸಲಾ" ಎನ್ನುತ್ತಾರೆ, ಈ ವಾದ ಪ್ರತಿ ವರ್ಷ ಮಧ್ಯಾಹ್ನದವರೆಗೂ ನಡೆಯುತ್ತದೆ. ಊಟಕ್ಕೆ ಬುತ್ತಿ ಮನೆಯಿಂದಲೇ ತನ್ನಿ: ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. 12ರಿಂದ 3ರವರೆಗೆ ನೆರಳು ಬಿಟ್ಟು ಕದಲುವುದಿಲ್ಲ. ಹತ್ತಿ ಸುಗ್ಗಿಯ ದಿನಗಳಾದರೆ ಮಾರುಕಟ್ಟೆ ಯಾರ್ಡಿನ ಕಡೆ ಹೋಗಿ ಬರಬಹುದು, ಆದೋನಿ ಹತ್ತಿ ವ್ಯಾಪಾರಕ್ಕೆ ಹೆಸರಾದ ಊರು.

ಹೊಳೆ

ಮೂರಕ್ಕೆ ಹೊರಟರೆ ಎಮ್ಮಿಗನೂರಿನ ಮೇಲೆ ಮಂತ್ರಾಲಯ ಸುಮಾರು 50 ಕಿ.ಮೀ. ಹಳೇ ಹೆಸರು ಮಂಚಾಲೆ. ರಾಘವೇಂದ್ರ ಸ್ವಾಮಿಗಳು 1671ರಲ್ಲಿ ಬೃಂದಾವನಸ್ಥರಾದದ್ದು ಇಲ್ಲಿ. ಈ ಊರನ್ನು ಅವರಿಗೆ ಬಿಟ್ಟುಕೊಟ್ಟವನು ಆದೋನಿಯ ಸಿದ್ದಿ ಮಸೂದ್ ಖಾನ್ ಎಂದು ಪರಂಪರೆ ಹೇಳುತ್ತದೆ. ಬೆಳಿಗ್ಗೆ ಅವನ ಕೋಟೆ, ಹಗಲು ಅವನ ಮಸೀದಿ, ಸಂಜೆ ಅವನು ಕೊಟ್ಟ ಊರು. ನಾವು ಈ ಎರಡು ಜಾಗಗಳನ್ನೇ ಜೋಡಿಸಿದ್ದಕ್ಕೆ ಇದೂ ಒಂದು ಕಾರಣ.

ತುಂಗಭದ್ರೆಯಲ್ಲಿ ಇಳಿಯುವವರಿಗೆ ಒಂದು ಮಾತು. ಈ ಹೊಳೆಯ ನೀರು ಇಲ್ಲಿ ಬಿದ್ದ ಮಳೆಯನ್ನಷ್ಟೇ ನಂಬಿಕೊಂಡಿಲ್ಲ. ಮೇಲೆ ಹೊಸಪೇಟೆಯ ಅಣೆಕಟ್ಟೆಯಿಂದ ಎಷ್ಟು ಬಿಟ್ಟಿದ್ದಾರೆ ಎಂಬುದನ್ನೂ ನೋಡಬೇಕು. 2009ರ ಅಕ್ಟೋಬರ್ ಮೊದಲಲ್ಲಿ ಮಂತ್ರಾಲಯವೇ ಮುಳುಗಿದ್ದು ಎಲ್ಲರಿಗೂ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕಿತ್ತುಹೋದಾಗ ಕೆಳಗಿನ ಊರುಗಳವರು ನಿದ್ದೆ ಮಾಡಲಿಲ್ಲ. ಹೊಳೆ ತುಂಬಿ ಹರಿಯುವಾಗ ದಡದಲ್ಲೇ ತಲೆಗೆ ನೀರು ಪ್ರೋಕ್ಷಿಸಿಕೊಳ್ಳಿ, ಪುಣ್ಯ ಕಡಿಮೆಯಾಗುವುದಿಲ್ಲ. ನೀರು ಕಡಿಮೆ ಇದ್ದಾಗಲೂ ಮಡು, ಪಾಚಿಗಲ್ಲು ಇರುತ್ತವೆ. ಮೊಣಕಾಲಿನ ಮೇಲೆ ನೀರು ಬರುವ ಕಡೆ ಮಕ್ಕಳನ್ನು ಬಿಡಬೇಡಿ. ಕತ್ತಲಾದ ಮೇಲೆ ಯಾರೂ ನೀರಿಗೆ ಇಳಿಯುವುದು ಬೇಡ.

ಬೇರೆ ದಿನಕ್ಕೆ

ಬೆಟ್ಟ ಹತ್ತಲಾರದ ಹಿರಿಯರಿಗೆ ಎರ್ರಗುಡಿ ಒಳ್ಳೆಯದು. ಗುತ್ತಿಯಿಂದ ಪತ್ತಿಕೊಂಡದ ದಾರಿಯಲ್ಲಿ ಸುಮಾರು 13 ಕಿ.ಮೀ. ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ, 1929ರಲ್ಲಿ ಬೆಳಕಿಗೆ ಬಂದವು. ಒಂದು ಶಾಸನದ ಕೆಲವು ಸಾಲುಗಳು ಎಡದಿಂದ ಬಲಕ್ಕೆ, ಕೆಲವು ಬಲದಿಂದ ಎಡಕ್ಕೆ ಹೋಗುತ್ತವೆ, ಹೊಲದಲ್ಲಿ ನೇಗಿಲು ತಿರುಗಿದಂತೆ. ಮಸ್ಕಿ, ನಿಟ್ಟೂರು ನೋಡಿದವರಿಗೆ ಇದು ಅದೇ ಸಾಲಿನದು. ಪತ್ತಿಕೊಂಡದಲ್ಲೇ 1827ರಲ್ಲಿ ಥಾಮಸ್ ಮನ್ರೋ ಕಾಲರಾದಿಂದ ತೀರಿಕೊಂಡದ್ದು.

ಜೊನ್ನಗಿರಿ, ತುಗ್ಗಲಿ ಕಡೆ ಮುಂಗಾರು ಮಳೆ ಬಿದ್ದ ಮೇಲೆ ಹೊಲಗಳಲ್ಲಿ ವಜ್ರ ಹುಡುಕಲು ಜನ ಸೇರುತ್ತಾರೆ. ಅಲ್ಲಿಗೂ ಕರೆದುಕೊಂಡು ಹೋಗಿ ಎಂದು ಯುವಕರು ಕೇಳುತ್ತಾರೆ. ಬಿತ್ತನೆಯ ಹೊತ್ತಿಗೆ ರೈತರ ಹೊಲ ತುಳಿಯುವ ಕಾರ್ಯಕ್ರಮ ಸಂಘ ಇಟ್ಟುಕೊಳ್ಳುವುದಿಲ್ಲ. ದೇವರಗಟ್ಟಿನ ದಸರಾ ರಾತ್ರಿಯ ಬನ್ನಿಗೂ ಹಾಗೆಯೇ. ಬಡಿಗೆ ಹಿಡಿದು ಸೇರುವ ಆ ರಾತ್ರಿ ಪ್ರತಿ ವರ್ಷ ತಲೆ ಒಡೆಯುತ್ತವೆ. ಮಾಳ ಮಲ್ಲೇಶ್ವರನ ಗುಡ್ಡ ಬೇರೆ ದಿನಗಳಲ್ಲೂ ಅಲ್ಲೇ ಇರುತ್ತದೆ. ಉರುಕುಂದಿಗೆ ಶ್ರಾವಣದಲ್ಲಿ ಹೋಗುವವರು ಜನಜಂಗುಳಿಗೆ ಸಿದ್ಧರಾಗಿ ಹೋಗಿ.

ಬರುವ ದಾರಿ

ಬಳ್ಳಾರಿಯಿಂದ ಆಲೂರಿನ ಮೇಲೆ ರಸ್ತೆ ಸುಮಾರು 70 ಕಿ.ಮೀ. ರಾಯಚೂರಿನಿಂದ ರೈಲು ಅನುಕೂಲ: ಮಂತ್ರಾಲಯ ರೋಡ್, ಕೋಸಿಗಿ ದಾಟಿ ಆದೋನಿ. ಮಂತ್ರಾಲಯ ರೋಡ್ ನಿಲ್ದಾಣದಿಂದ ಮಂತ್ರಾಲಯ ಇನ್ನೂ 16 ಕಿ.ಮೀ. ಇದೆ, ಹೊಸಬರು ಮೋಸಹೋಗುತ್ತಾರೆ. ಗುಂತಕಲ್ಲಿನವರಿಗೂ ರೈಲೇ ಸರಿ. ಬಸ್ಸಿನ ಬೋರ್ಡುಗಳು ತೆಲುಗಿನಲ್ಲಿರುತ್ತವೆ, ಆದರೆ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುವ ಊರಿದು, ಸಂಕೋಚ ಬೇಡ. ಕರ್ನಾಟಕದ ಬಾಡಿಗೆ ಗಾಡಿ ತರುವವರು ಆಂಧ್ರದಲ್ಲಿ ಓಡಿಸಲು ಪರ್ಮಿಟ್ ಇದೆಯೇ ಎಂದು ಮಾಲೀಕರನ್ನು ಮೊದಲೇ ಕೇಳಿ.

ಬೆಳಿಗ್ಗೆ 6ಕ್ಕೆ ಬೆಟ್ಟದ ಬುಡದಲ್ಲಿ ಇರಬೇಕಾದ್ದರಿಂದ ಪರಊರಿನವರು ಹಿಂದಿನ ರಾತ್ರಿಯೇ ಬನ್ನಿ. ಆದೋನಿಯ ಸದಸ್ಯರ ಮನೆಗಳಲ್ಲಿ ಮಲಗುವ ವ್ಯವಸ್ಥೆ ಮಾಡುತ್ತೇವೆ, ಹೊದಿಕೆ ಮಾತ್ರ ತನ್ನಿ. ತಡವಾಗಿ ಬಂದ ಗಾಡಿಯವರು ಬೆಟ್ಟ ಬಿಟ್ಟು ನೇರ ನಾಷ್ಟಾಕ್ಕೆ ಬಂದು ಸೇರಿಕೊಳ್ಳಬೇಕು, ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಹೆಸರು ಕೊಡುವಾಗ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ತೆಗೆದುಕೊಳ್ಳುವ ಮಾತ್ರೆ, ಮನೆಯವರ ಫೋನ್ ನಂಬರು ಬರೆಸಿ. ಪಟ್ಟಿ ಎರಡು ಪ್ರತಿ ತೆಗೆಯಬೇಕಾದ್ದರಿಂದ ಸಂಚಾರಕ್ಕೆ ನಾಲ್ಕು ದಿನ ಮುಂಚೆ ಹೆಸರು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತೇವೆ.

ಕಾರ್ಯದರ್ಶಿ