ರಕ್ತದಲ್ಲೇ ಬಂದಿದೆ!

“ಅವರ ವಂಶವೇ ಹಾಗೆ ಕಣೋ, ರಕ್ತದಲ್ಲೇ ಬಂದಿದೆ.” ನಮ್ಮೂರ ಅರಳಿಕಟ್ಟೆಯಲ್ಲಿ ಈ ಮಾತು ಎಷ್ಟು ಸಲ ಕೇಳಿದೀನೋ! ಅಮೆರಿಕದ ಸುಪ್ರೀಂ ಕೋರ್ಟೂ ಒಮ್ಮೆ ಇದನ್ನೇ ಹೇಳಿತ್ತು, ವಿಜ್ಞಾನದ ಹೆಸರಲ್ಲಿ.

ವರ್ಜೀನಿಯಾದ ಕ್ಯಾರಿ ಬಕ್ ಬಡವರ ಮಗಳು. 17ಕ್ಕೇ ತಾಯಿಯಾದಳು. ಸಾಕಿದವರ ನೆಂಟನೊಬ್ಬ ಬಲಾತ್ಕಾರ ಮಾಡಿದ ಅಂತ ಅವಳೇ ಹೇಳಿದ್ದಳು. ಆದರೂ ‘ಮಂದಬುದ್ಧಿ, ನಡತೆಗೆಟ್ಟವಳು’ ಎಂಬ ಹಣೆಪಟ್ಟಿ ಬಿದ್ದದ್ದು ಅವಳಿಗೇ. ಅವಳನ್ನು ತಳ್ಳಿದ ಸರ್ಕಾರಿ ಆಶ್ರಯಧಾಮದಲ್ಲಿ ಅವಳಮ್ಮ ಮೊದಲೇ ಇದ್ದಳು. ಎಳೆಗೂಸು ವಿವಿಯನ್‌ಳನ್ನು ನೋಡಿದ ಸಮಾಜ ಕಾರ್ಯಕರ್ತೆಯೊಬ್ಬಳು ‘ಯಾಕೋ ಸರಿಯಿಲ್ಲ’ ಅಂದಳು. ಅದೂ ಸಾಕ್ಷಿಯಾಯಿತು! ಇಂಥ ಮೂರು ತಲೆಮಾರು ಸಾಕು ಅಂತ 1927ರಲ್ಲಿ ಕೋರ್ಟು 8-1ರ ಬಹುಮತದಿಂದ ಕ್ಯಾರಿಯ ಸಂತಾನಹರಣ ಚಿಕಿತ್ಸೆಗೆ ಒಪ್ಪಿತು. ಇಂಥ ಕಾನೂನುಗಳಡಿ ಆ ದೇಶದಲ್ಲಿ 60,000ಕ್ಕೂ ಹೆಚ್ಚು ಜನರಿಗೆ ಈ ಆಪರೇಷನ್ ಆಯಿತು.

ವಿವಿಯನ್ ಶಾಲೆಗೆ ಹೋದಳು. ಚೆನ್ನಾಗಿ ಓದುವವರ ಪಟ್ಟಿಯಲ್ಲಿ ಅವಳ ಹೆಸರೂ ಬಂತು. 1932ರಲ್ಲಿ, ಎಂಟನೇ ವಯಸ್ಸಿಗೆ, ಕಾಯಿಲೆ ಬಿದ್ದು ತೀರಿಕೊಂಡಳು.

ನಮ್ಮ ಸ್ವಭಾವದಲ್ಲಿ ಜೀನುಗಳ ಪಾಲಿದೆ, ನಿಜ. ಆದರೆ ಒಂದೊಂದು ಗುಣದ ಹಿಂದೆಯೂ ಸಾಕಷ್ಟು ಜೀನುಗಳಿರುತ್ತವೆ. ಜೊತೆಗೆ ಮನೆ, ಊಟ, ಶಾಲೆ ಎಲ್ಲವೂ ಸೇರುತ್ತವೆ. ಕ್ಯಾರಿಗೆ ಅಮ್ಮನಿಂದ ಖಂಡಿತವಾಗಿ ಬಂದದ್ದು ಬಡತನ. ಕೋರ್ಟು ಅದನ್ನೇ ರಕ್ತ ಅಂದುಕೊಂಡಿತು.

ಈಗ ಕಟ್ಟೆ ಮೇಲೆ ಯಾರಾದರೂ ಆ ಮಾತು ತೆಗೆದರೆ, ನಾನು ವಿವಿಯನ್ ಕಥೆ ತೆಗೀತೀನಿ.