ಜಾತ್ರೆಯ ಬಯಲೂ ಓಟದ ಕಣವೂ

ಬಂಡೂರು ಎಂದೊಡನೆ ನಿಮಗೆ ನೆನಪಾಗುವುದು ಕುರಿ. ಗಿಡ್ಡ ಕಾಲಿನ, ತುಂಬು ಮೈಯ ಆ ಕುರಿ ಮಳವಳ್ಳಿ ಸೀಮೆಯ ಈ ಊರಿನ ಹೆಸರನ್ನು ನಾಡಿಗೆಲ್ಲ ಹಬ್ಬಿಸಿದೆ. ಆದರೆ ಅದು ಓಟದ ಪ್ರಾಣಿಯಲ್ಲ. ಓಟದ ಮಾತು ಬಂದರೆ ಮಂಡ್ಯ, ಮದ್ದೂರು, ಮಳವಳ್ಳಿಗಳ ರೈತ ಹೊರಳಿ ನೋಡುವುದು ತನ್ನ ಹಳ್ಳಿಕಾರ್ ಎತ್ತುಗಳ ಕಡೆಗೆ. ಸುಗ್ಗಿ ಮುಗಿದು ಬಯಲು ಖಾಲಿಯಾದ ಮೇಲೆ ಇಲ್ಲಿ ನಡೆಯುವ ಜೋಡೆತ್ತಿನ ಗಾಡಿಯ ಓಟವನ್ನು ನೀವು ಕಂಡಿರಬಹುದು. ಆ ಬಯಲಿಗೂ ಅಮೆರಿಕದ ಮೋಟಾರು ಪಂದ್ಯದ ಕಣಕ್ಕೂ ನಂಟುಂಟು ಎಂದರೆ ನಕ್ಕೀರಿ. ನಗುವ ಮೊದಲು ಸ್ವಲ್ಪ ಕೇಳಿ.

ಅಮೆರಿಕದಲ್ಲಿ ಮೋಟಾರು ಬಂಡಿಗಳು ಮೊದಮೊದಲು ಓಡಿದ್ದು ತಮಗಾಗಿ ಕಟ್ಟಿದ ಕಣದಲ್ಲಲ್ಲ. ೧೮೯೬ರ ಸೆಪ್ಟೆಂಬರಿನಲ್ಲಿ ರೋಡ್ ಐಲೆಂಡ್ ಪ್ರಾಂತದ ಕೃಷಿ ಮೇಳ ನಡೆದಾಗ ಅಲ್ಲಿನ ಕುದುರೆ ಜೂಜಿನ ಮಣ್ಣಿನ ಸುತ್ತುದಾರಿಯಲ್ಲೇ ಅವುಗಳ ಪಂದ್ಯವಾಯಿತು. ಗೆದ್ದದ್ದು ವಿದ್ಯುತ್ತಿನಿಂದ ಓಡುವ ಒಂದು ಬಂಡಿ. ೧೯೦೧ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡ್ ಎಂಬಾತ ಡೆಟ್ರಾಯಿಟ್ ಬಳಿ, ಅದೂ ಕುದುರೆಯ ಕಣದಲ್ಲಿ, ಹೆಸರಾಂತ ವಿಂಟನ್ನನನ್ನು ಹತ್ತು ಮೈಲಿಯ ಓಟದಲ್ಲಿ ಸೋಲಿಸಿದ. ಹಣವಂತರು ಅವನನ್ನು ಮತ್ತೆ ನಂಬತೊಡಗಿದ್ದು ಆ ಮೇಲೆ. ಮೇಳಕ್ಕೆ ಬಂದ ರೈತನಿಗೆ ಯಂತ್ರದ ಮೇಲೆ ಸಂಶಯ. ಓಡಿಸಿ ತೋರಿಸದೆ ಅವನು ಒಪ್ಪುವವನಲ್ಲ. ಮೋಟಾರಿಗೆಂದೇ ಕಟ್ಟಿದ ಇಂಡಿಯಾನಾಪೊಲಿಸ್ ಕಣ ೧೯೦೯ರಲ್ಲಿ ತೆರೆದಾಗ ಅದರ ಜಲ್ಲಿ-ಡಾಂಬರಿನ ಹಾಸು ಕಿತ್ತುಹೋಗಿ ಜೀವಗಳೂ ಹೋದವು. ಆಮೇಲೆ ೩೨ ಲಕ್ಷ ಇಟ್ಟಿಗೆ ಹಾಸಬೇಕಾಯಿತು.

ಈಗ ನಮ್ಮ ಕಡೆಗೆ ಬನ್ನಿ. ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಹಳ್ಳಿಕಾರ್ ರಕ್ತ ಬೆರೆತ ಆ ಎತ್ತುಗಳು ಹೈದರನ ಫಿರಂಗಿಗಳನ್ನು ಎಳೆದವು. ಚಿದಂಬರದ ನೆರವಿಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಹಾಗಾದರೆ ಇವುಗಳ ವೇಗ ವಿನೋದಕ್ಕೆ ಬೆಳೆಸಿದ್ದಲ್ಲ, ದುಡಿಮೆಗೆ ಬೆಳೆಸಿದ್ದು. ೧೯೩೩ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿದ ಮೇಲೆ ಕಬ್ಬಿನ ಗಾಡಿಗಳಿಗೂ ಇವೇ ಹೆಗಲು ಕೊಟ್ಟವು. ಹೇಮಗಿರಿ, ಮುಡುಕುತೊರೆಯ ದನಗಳ ಜಾತ್ರೆಗಳಲ್ಲಿ ಕೊಳ್ಳುವವನು ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ಹಿಂದಕ್ಕೆ ಬಾಗಿದ ಕೊಂಬು ನೋಡುತ್ತಾನೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಓಟವೆಂದರೆ ಆ ನಾಲ್ಕು ಹೆಜ್ಜೆಯೇ ದೊಡ್ಡದಾದದ್ದು ಎಂದು ನನಗೆ ತೋರುತ್ತದೆ.

ನಂಟು ಇಲ್ಲಿಯವರೆಗೆ. ಮುಂದೆ ದಾರಿ ಕವಲಾಗುತ್ತದೆ. ಅಲ್ಲಿ ಕುದುರೆ ದುಡಿಮೆಯನ್ನೂ ಕಳೆದುಕೊಂಡಿತು, ಮೇಳದ ಕಣಗಳನ್ನೂ ಬಹುಮಟ್ಟಿಗೆ ಮೋಟಾರಿಗೆ ಬಿಟ್ಟುಕೊಟ್ಟಿತು. ಇಲ್ಲಿ ಟ್ರ್ಯಾಕ್ಟರು ಬಂದು ಎತ್ತಿನ ಕೆಲಸವನ್ನು ಕಿತ್ತುಕೊಂಡಿತೇ ಹೊರತು ಕಣವನ್ನು ಕೇಳಲಿಲ್ಲ. ಉಳುವ ಎತ್ತು ಕಡಿಮೆಯಾಯಿತು. ಓಡುವ ಎತ್ತು ಉಳಿಯಿತು.

ಉಳಿದದ್ದು ಸುಲಭವಾಗಿಯೇನೂ ಅಲ್ಲ. ೨೦೧೪ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನೊಡನೆ ಗಾಡಿ ಓಟವನ್ನೂ ನಿಲ್ಲಿಸಿತು. ಕರ್ನಾಟಕ ೨೦೧೭ರಲ್ಲಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಎಡೆಯಿರುವಂತೆ ಕಾನೂನನ್ನು ತಿದ್ದಿತು. ೨೦೨೩ರ ಮೇ ೧೮ರಂದು ಅದೇ ನ್ಯಾಯಾಲಯ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಾರುಕೋಲಿನ ಏಟು, ಬಾಲ ತಿರುಚುವುದು ಇವೆಲ್ಲ ಕಟ್ಟುಕತೆಯಲ್ಲ. ಆಕ್ಷೇಪಿಸಿದವರನ್ನು ಪೇಟೆಯವರೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ಗದ್ದೆಯಲ್ಲಿ ಕೆಲಸವಿಲ್ಲದ ಹಳ್ಳಿಕಾರ್ ಕರುವನ್ನು ಹಿಂಡಿ, ಬೂಸ ಕೊಟ್ಟು, ಮೈ ತಿಕ್ಕಿ ಸಾಕುವ ರೈತನಿಗೆ ಓಟವನ್ನು ಬಿಟ್ಟರೆ ಇಂದು ಇನ್ನೇನು ಕಾರಣವಿದೆ ಎಂಬ ಪ್ರಶ್ನೆಗೂ ಅವರು ಉತ್ತರ ಹೇಳಬೇಕು. ನನಗಂತೂ ಹೊಡೆಯದೆ ಓಡಿಸುವವನೇ ಗೆಲ್ಲುವಂಥ ಓಟ ಬೇಕು.

ಕಳೆದ ಸುಗ್ಗಿಯಲ್ಲಿ ಓಟ ನೋಡಲು ಹೋಗಿದ್ದೆ. ಕಣವನ್ನು ಹಸನು ಮಾಡಿದ್ದ ಟ್ರ್ಯಾಕ್ಟರು ಬೇಲಿಯ ಪಕ್ಕ ನಿಂತಿತ್ತು. ಎತ್ತುಗಳು ಬಂದದ್ದು ಗಾಡಿ ಎಳೆದುಕೊಂಡಲ್ಲ. ಹುಲ್ಲು ಹಾಸಿದ ಟೆಂಪೋಗಳಲ್ಲಿ ನಿಂತುಕೊಂಡು, ಕೊಂಬಿಗೆ ಟೇಪು ಸುತ್ತಿಸಿಕೊಂಡು ಬಂದವು. ಇಳಿದ ಮೇಲೆ ಮೊದಲು ಮಣ್ಣನ್ನು ಮೂಸಿದವು.